ನೋಟದ ಋಣ

ಗಂಡಹೆಂಡತಿ ಇಬ್ಬರೇ ಒಂದು ದಿನದ ಮಟ್ಟಿಗೆ ಎಲ್ಲಿಗಾದರೂ ಸುಮ್ಮನೆ ಹೋಗಿ ಬರುವುದೆಂದರೆ ನಮ್ಮ ತಲೆಮಾರಿನವರಿಗೆ ಇನ್ನೂ ಸ್ವಲ್ಪ ಸಂಕೋಚದ ಸಂಗತಿಯೇ ಸರಿ. ಊರಿಗೆ ಹೋಗುತ್ತೇವೆ, ಲಗ್ನಕ್ಕೆ ಹೋಗುತ್ತೇವೆ, ದೇವರಿಗೆ ಹೋಗುತ್ತೇವೆ. ಆದರೆ ಹೂ ಬಿಟ್ಟ ಗಿಡ ನೋಡಲಿಕ್ಕೆಂದು, ಕಡಲು ನೋಡಲಿಕ್ಕೆಂದು ಬುತ್ತಿ ಕಟ್ಟಿಕೊಂಡು ಹೊರಡುವುದು? ಅದೂ ಅರವತ್ತೇಳು ದಾಟಿದ ಮೇಲೆ? ಪಕ್ಕದ ಮನೆಯವರು ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ "ಡಾಕ್ಟರರ ಹತ್ತಿರ" ಎಂದುಬಿಡೋಣವೇ ಎಂದು ನಾನು ಒಂದು ಗಳಿಗೆ ಯೋಚಿಸಿದ್ದುಂಟು.

ಯೋಜನೆ ನಮ್ಮವಳದು. ಈ ಸಲ ಹೋಳಿ ಹುಣ್ಣಿಮೆ ಕಳೆದು ಯುಗಾದಿಗೆ ಇನ್ನೂ ಎಂಟು ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಚಹದ ಕಪ್ಪು ಕೈಗೆ ಕೊಡುತ್ತ ಅಂದಳು: "ಏನ್ರಿ, ಉರಣದವರೆಗೂ ರೈಲು ಆಗಿದೆಯಂತಲ್ಲ. ಒಮ್ಮೆ ಕಡಲು ನೋಡಿ ಬರೋಣ. ದಾರಿಯಲ್ಲಿ ಪಾಂಗಾರ, ಮುತ್ತುಗ ಎಲ್ಲ ಬಿಟ್ಟಿರ್ತದೆ."

"ಕಡಲು ಜುಹೂದಲ್ಲಿಯೂ ಇದೆಯಲ್ಲ."

"ಅಲ್ಲಿ ಜನ ಇದ್ದಾರೆ. ಕಡಲು ಎಲ್ಲಿದೆ?"

ನಲವತ್ತು ವರ್ಷಗಳ ಸಂಸಾರದಲ್ಲಿ ಆಕೆ ತನಗಾಗಿ ಕೇಳಿದ್ದು ಬೆರಳೆಣಿಕೆಯಷ್ಟು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಘಣಸೋಲಿಯಲ್ಲಿ ಇರುವವರಿಗೆ ಕಡಲು ಮನೆಯ ಮುಂದೆಯೇ ಇರಬೇಕೆಂದು ಊರಿನ ನಂಟರು ತಿಳಿದಿರುತ್ತಾರೆ. ನಮ್ಮಲ್ಲಿರುವುದು ಕಡಲಲ್ಲ, ಖಾಡಿ. ಪಶ್ಚಿಮಕ್ಕೆ ಠಾಣೆಯ ಖಾಡಿ, ಪೂರ್ವಕ್ಕೆ ಪಾರಸಿಕ ಗುಡ್ಡಸಾಲು. ನಡುವೆ ಕಾರ್ಖಾನೆಗಳ ಪಟ್ಟಿ, ರೈಲು, ಸಿಡ್ಕೋದ ಸೆಕ್ಟರುಗಳು. ಮತ್ತು ಇವೆಲ್ಲಕ್ಕೂ ಎಷ್ಟೋ ಮುಂಚಿನಿಂದ ಇರುವ ಆಗರಿ-ಕೋಳಿ ಜನರ ಹಳೆಯ ಊರು. ಖಾಡಿಯ ಅಂಚಿಗೆ ಹೋದರೆ ಮರಳಿಲ್ಲ, ತೆರೆಯಿಲ್ಲ. ಕೆಸರು ಮತ್ತು ಕಾಂಡ್ಲಾ ಕಾಡು. ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವುದನ್ನು ಇಲ್ಲಿಯವರು ಕಾಂದಳವನ ಎನ್ನುತ್ತಾರೆ. ಗಿಡವೂ ಒಂದೇ, ಹೆಸರೂ ಹೆಚ್ಚುಕಡಿಮೆ ಒಂದೇ. ಅದರಲ್ಲೊಂದು ಜಾತಿಯನ್ನು, ಬಿಳಿ ಚಿಪ್ಪಿಯನ್ನು, 2020ರಲ್ಲಿ ಮಹಾರಾಷ್ಟ್ರ ಸರಕಾರ ರಾಜ್ಯದ ಕಾಂದಳ ವೃಕ್ಷವೆಂದು ಘೋಷಿಸಿತು. ಅದರ ಹೂ ಮುಸ್ಸಂಜೆಗೆ ಅರಳಿ ಒಂದೇ ರಾತ್ರಿ ಬಾಳುತ್ತದೆ. ಕಾರ್ಖಾನೆಯ ಮೂರನೆಯ ಪಾಳಿಯವರಿಗೆಂದೇ ದೇವರು ಮಾಡಿದ ಹೂ ಎಂದು ನಾನು ನಗೆಯಾಡುವುದುಂಟು. ಇಪ್ಪತ್ತು ವರ್ಷ ಮೂರನೆಯ ಪಾಳಿ ಮಾಡಿದ ನಾನು ಒಮ್ಮೆಯೂ ಅದನ್ನು ನೋಡಲಿಲ್ಲ ಎಂಬುದು ಬೇರೆ ಮಾತು.

ಇನ್ನು ನಮ್ಮವಳ ವಿಷಯ. ನಾನು ಗದಗಿನ ಕಡೆಯವನು. ಕಡಲನ್ನು ಮೊದಲು ಕಂಡದ್ದೂ, ಮೀನಿನ ರುಚಿ ಕಂಡದ್ದೂ ಲಗ್ನವಾದ ಮೇಲೆಯೇ. ಆಕೆಯ ತವರು ಕಾರವಾರದ ದಕ್ಷಿಣಕ್ಕೆ ಅರ್ಗಾದ ಕಡೆ. ಅಂಗಳ ದಾಟಿದರೆ ತೆಂಗಿನ ತೋಟ, ತೋಟ ದಾಟಿದರೆ ಮರಳು, ಮರಳು ದಾಟಿದರೆ ಕಡಲು. ಆ ಮನೆ ಈಗ ಇಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಯ ಅಡಿಗಲ್ಲು ಬಿತ್ತು. ಅರ್ಗಾ, ಬಿಣಗಾ, ಚೆಂಡಿಯಾ ಮುಂತಾದ ಊರುಗಳ ಭೂಮಿ ಹೋಯಿತು. ಕಾರವಾರ ಅಂಕೋಲಾ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಕಡಲ ದಂಡೆಯಿಂದ ಎದ್ದು ಪುನರ್ವಸತಿ ಕಾಲನಿಗಳಿಗೆ ಹೋದವು. 2005ರಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು. ಅದರ ಹೆಸರು ಕದಂಬ. ಕನ್ನಡದ ಮೊದಲ ರಾಜವಂಶದ ಹೆಸರಿಟ್ಟರೆಂದು ನಮಗೆಲ್ಲ ಹೆಮ್ಮೆಯಾಯಿತು. ನಮ್ಮವಳು ಮಾತ್ರ, "ಚಲೋ ಹೆಸರು. ಅರ್ಗಾ ಅಂತ ಇಟ್ಟಿದ್ದರೆ ಏನಾಗ್ತಿತ್ತು?" ಎಂದು ಕೇಳಿ ಒಳಗೆ ಹೋದಳು. ಈಗ ಊರಿಗೆ ಹೋಗುವಾಗ ಹೆದ್ದಾರಿಯ ಮೇಲೆ ಬಸ್ಸು ಆ ಜಾಗ ದಾಟುವಷ್ಟು ಹೊತ್ತು ಆಕೆ ಕಿಟಕಿಯ ಕಡೆಗೆ ತಿರುಗಿ ಕುಳಿತಿರುತ್ತಾಳೆ. ದೇಶಕ್ಕೆ ನೌಕಾಪಡೆ ಬೇಡವೆಂದು ಆಕೆ ಎಂದೂ ಅಂದವಳಲ್ಲ. ಆಕೆಯ ಅಪ್ಪನೂ ಅನ್ನಲಿಲ್ಲ.

ಇಷ್ಟು ಹೇಳಿದ್ದು ಪ್ರವಾಸವರ್ಣನೆಗೆ ಪೀಠಿಕೆಯಾಗಿ ಅಲ್ಲ. ಆ ದಿನ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿ ನನ್ನ ಹಾಗೆಯೇ ಹೊಟ್ಟೆಪಾಡಿಗೆಂದು ಬಂದು ಇಲ್ಲಿ ಮನೆ ಮಾಡಿದವರಾದ್ದರಿಂದ ಅವರ ಮುಂದೆ ಇಡುವುದು ಉಚಿತವೆನಿಸಿತು.

ಘಣಸೋಲಿಯಲ್ಲಿ ನೇರುಳದ ಗಾಡಿ ಹತ್ತಿದೆವು. ನಾವು ಈ ಊರಿಗೆ ಬಂದಾಗ ರೈಲು ಇರಲಿಲ್ಲ. ಠಾಣೆಯಿಂದ ಈ ಕಡೆಗೆ ಪ್ರಯಾಣಿಕರ ಗಾಡಿ ಓಡತೊಡಗಿದ್ದು 2004ರಲ್ಲಿ. ರಜೆಯ ದಿನವಾದ್ದರಿಂದ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಎಡಗಡೆಗೆ ಪಾರಸಿಕ ಗುಡ್ಡ. ಕಲ್ಲುಗಣಿಯವರು ಅದರ ಮೈಯನ್ನು ಅಲ್ಲಲ್ಲಿ ಕಚ್ಚಿ ತಿಂದಿದ್ದಾರೆ. ಆ ಗಾಯಗಳ ನಡುವೆ ಉಳಿದ ಇಳಿಜಾರಿನಲ್ಲಿ ಮುತ್ತುಗ ಹೂ ಬಿಟ್ಟಿತ್ತು. ಒಂದು ಎಲೆಯಿಲ್ಲ, ಬರೀ ಕೆಂಡ. ನಮ್ಮ ಕಡೆ ಮುತ್ತುಗವೆಂದರೆ ಮೊದಲು ನೆನಪಾಗುವುದು ಪತ್ರಾವಳಿ. ಆಮೇಲೆ ಕಾಮನ ಹಬ್ಬಕ್ಕೆ ಹೂ ಕುದಿಸಿ ಮಾಡುತ್ತಿದ್ದ ಬಣ್ಣ. ಸೌಂದರ್ಯವೆಂಬುದು ಮೂರನೆಯದು. ರೊಟ್ಟಿಯ ಸೀಮೆಯಲ್ಲಿ ಹುಟ್ಟಿದವನಿಗೆ ಗಿಡವನ್ನು ಸುಮ್ಮನೆ ನೋಡಲು ಕಲಿಸಿದವಳು ಈಕೆಯೇ.

ಸಂಸ್ಕೃತ ಕಾವ್ಯಗಳಲ್ಲಿ ಒಂದು ಕವಿಸಮಯವುಂಟು: ಸುಂದರಿಯೊಬ್ಬಳು ಒದ್ದರೆ ಅಶೋಕ ಹೂ ಬಿಡುತ್ತದೆಯಂತೆ. ಅದನ್ನು ಹೇಳಿ, ನೀನೂ ಒಮ್ಮೆ ಪ್ರಯತ್ನಿಸಬಾರದೇ ಎಂದೆ. "ಈ ಮೊಣಕಾಲಿನಲ್ಲಿ ಒದ್ದರೆ ಬಿಡೋದು ಹೂವಲ್ಲ, ನನ್ನ ಪ್ರಾಣ" ಎಂದಳು. ಎದುರು ಕುಳಿತ ಹುಡುಗಿಗೆ ಕನ್ನಡ ಬರುತ್ತಿತ್ತೆಂದು ತೋರುತ್ತದೆ. ಆಕೆ ಮುಖ ತಿರುಗಿಸಿ ನಕ್ಕಳು.

ನೇರುಳದಲ್ಲಿ ಗಾಡಿ ಬದಲಿಸಬೇಕು. ಆ ದಾರಿ 2018ರಲ್ಲಿ ಖಾರಕೋಪರದವರೆಗೆ ಆಗಿತ್ತು. 2024ರ ಜನವರಿಯಲ್ಲಿ ಉರಣದವರೆಗೆ ಮುಂದುವರಿಯಿತು. ಸೀವುಡ್ಸ್ ದಾಟಿ ಖಾಡಿಯ ಕಡೆಗೆ ಇಳಿಯುವಾಗ ದೂರದ ಕೆಸರಿನಲ್ಲಿ ಗುಲಾಬಿ ಬಣ್ಣದ ಒಂದು ಗೆರೆ ಕಂಡಿತು. ರಾಜಹಂಸಗಳು, ಮರಾಠಿಗರ ರೋಹಿತ ಪಕ್ಷಿ. ಚಳಿಗಾಲಕ್ಕೆ ಬಂದು ಮಳೆಯ ಮುಂಚೆ ಹಿಂದಿರುಗುವ ಈ ಹಕ್ಕಿಗಳಿಗಾಗಿ 2015ರಲ್ಲಿ ಠಾಣೆ ಖಾಡಿಯ 1690 ಹೆಕ್ಟೇರನ್ನು ಅಭಯಾರಣ್ಯವೆಂದು ಸಾರಿದ್ದಾರೆ. ಅವುಗಳ ಮೈಬಣ್ಣ ಹುಟ್ಟಿನಿಂದ ಬಂದದ್ದಲ್ಲ, ತಿನ್ನುವ ಪಾಚಿಯಿಂದ ಬಂದದ್ದು. ಆ ಪಾಚಿ ಇಷ್ಟು ಹುಲುಸಾಗಿ ಬೆಳೆಯುವುದು ನಮ್ಮ ನಗರಗಳ ಕೊಳೆನೀರು ಖಾಡಿಗೆ ಸೇರುವುದರಿಂದ ಎಂದು ಪಕ್ಷಿಗಳನ್ನು ಬಲ್ಲ ಹಲವರ ಅಭಿಪ್ರಾಯ. ಅಂದರೆ ನಾವು ಬಚ್ಚಲಿನಲ್ಲಿ ಚೆಲ್ಲಿದ್ದೇ ಅಷ್ಟು ದೂರದಲ್ಲಿ ಆ ಬಣ್ಣವಾಗಿ ನಿಂತಿದೆ ಎಂದಾಯಿತು. ಕಲೆಯಿಲ್ಲದ ಸೌಂದರ್ಯವನ್ನೇ ನೋಡುತ್ತೇನೆಂದು ಹಟ ಹಿಡಿದವನು ಈ ಸೀಮೆಯಲ್ಲಿ ಕಣ್ಣು ಮುಚ್ಚಿಕೊಂಡೇ ಇರಬೇಕಾದೀತು.

ಖಾಡಿ ದಾಟಿದ ಮೇಲೆ ಎರಡೂ ಕಡೆ ತಗ್ಗುಭೂಮಿ, ಮಣ್ಣಿನ ದಂಡೆ, ದಂಡೆಯೊಳಗೆ ನಿಂತ ನೀರು. ನಮ್ಮವಳು ತಟ್ಟನೆ, "ಇದು ಗಜನಿ ಅಲ್ಲೇನ್ರಿ!" ಎಂದಳು. ಕುಮಟಾದ ಅಘನಾಶಿನಿಯ ಹಿನ್ನೀರಿನಲ್ಲಿ ಗಜನಿ ಭೂಮಿಯೆಂಬುದಿದೆ; ಉಪ್ಪುನೀರನ್ನು ದಂಡೆ ಕಟ್ಟಿ ತಡೆದು, ಮಳೆಯಲ್ಲಿ ಉಪ್ಪು ತೊಳೆದುಹೋದ ನೆಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ; ಬೆಳೆ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಇಲ್ಲಿಯೂ ಅದೇ ಬಗೆ. ಇವರು ಖಾರಭೂಮಿ ಎನ್ನುತ್ತಾರೆ. ಆಗರಿ ಎಂಬ ಹೆಸರೇ ಆಗರದಿಂದ, ಉಪ್ಪಿನ ಆಗರದಿಂದ ಬಂದದ್ದೆಂದು ಹೇಳುತ್ತಾರೆ. ನಮ್ಮ ಘಣಸೋಲಿಯ ಸೆಕ್ಟರುಗಳು ನಿಂತಿರುವುದೂ ಇಂಥ ನೆಲದ ಮೇಲೆಯೇ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, 95 ಹಳ್ಳಿಗಳ ಭೂಮಿಯ ಮೇಲೆ ಹೊಸ ನಗರ ಎದ್ದಿತು. ಆ ಭೂಮಿಗೆ ನ್ಯಾಯವಾದ ಬೆಲೆ ಕೇಳಿ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ರೈತರು ನಿಂತರು. 1984ರ ಜನವರಿ 16 ಮತ್ತು 17ರಂದು ಈ ಉರಣದ ಭಾಗದಲ್ಲಿ ಪೋಲೀಸರ ಗುಂಡಿಗೆ ಐವರು ಬಲಿಯಾದರು. ಮುಂದೆ, ಕಳೆದುಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ನಿವೇಶನಗಳಾಗಿ ಮೂಲ ರೈತರಿಗೆ ಮರಳಿಸುವ ಯೋಜನೆ ಬಂದದ್ದು ಆ ಹೋರಾಟದ ಫಲವೇ.

1984ರ ಜನವರಿಯಲ್ಲಿ ನಾನು ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿದ್ದೆ. ಗುಂಡೇಟಿನ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಓದಿ ಪುಟ ತಿರುವಿದೆ. ಇಷ್ಟನ್ನು ನಾನು ಮರೆತಿಲ್ಲ.

ಗಾಡಿ ಒಂದು ನಿಲ್ದಾಣದಲ್ಲಿ ನಿಂತಿತು. ಫಲಕದ ಮೇಲೆ ನ್ಹಾವಾ ಶೇವಾ. ಇಡೀ ದೇಶದ ಸರಕು ಬಂದಿಳಿಯುವ ಬಂದರಿನ ಹೆಸರು ಅದು. 1989ರಲ್ಲಿ ಬಂದರು ತೆರೆಯಿತು. ಶೇವಾ ಎಂಬುದು ಕೋಳಿಗರ ಒಂದು ಹಳೆಯ ಊರಾಗಿತ್ತು. ಬಂದರಿಗಾಗಿ ಆ ಜನ ಎದ್ದು ಹನುಮಾನ್ ಕೋಳಿವಾಡ ಎಂಬ ಹೊಸ ನೆಲೆಗೆ ಹೋದರು. ಅಲ್ಲಿಯ ಮನೆಗಳಿಗೆ ಗೆದ್ದಲು ಹಿಡಿದು ಅವರು ಪಟ್ಟ, ಪಡುತ್ತಿರುವ ಪಾಡು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಊರು ಹೋಯಿತು, ಹೆಸರು ಫಲಕದ ಮೇಲೆ ಉಳಿಯಿತು. ಅರ್ಗಾಕ್ಕೆ ಆ ಭಾಗ್ಯವೂ ಬರಲಿಲ್ಲವಲ್ಲ ಎಂದು ನಾನು ಅಂದುಕೊಂಡೆ, ಬಾಯಿಬಿಟ್ಟು ಅನ್ನಲಿಲ್ಲ. ನಮ್ಮವಳು ಕಿಟಕಿಯಾಚೆ ಏನೋ ತೋರಿಸುತ್ತಿದ್ದಳು. ದಂಡೆಯ ಮೇಲೆ ಒಂದು ಪಾಂಗಾರದ ಮರ, ನಮ್ಮ ಹಾಲವಾಣ. ಕೊಂಬೆಕೊಂಬೆಗೂ ಕೆಂಪು ಹೂ, ಹೂವಿಗೊಂದು ಮೈನಾ.

ಆಗ ಎದ್ದ ಪ್ರಶ್ನೆ ಇದು. ಇನ್ನೊಬ್ಬರು ಕಳೆದುಕೊಂಡ ಜಾಗದಲ್ಲಿ ಕುಳಿತು ನಾವು ಸಂತೋಷಪಡುವುದು ಸರಿಯೇ? ಆ ಸಂತೋಷಕ್ಕೆ ನಾವು ಯಾರಿಗಾದರೂ ಏನಾದರೂ ಕೊಡುವುದು ಬಾಕಿಯಿದೆಯೇ?

ತಟ್ಟನೆ ಸಿಗುವ ಉತ್ತರ ಒಂದಿದೆ, ನಮ್ಮ ಸೊಸೈಟಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ: ನಾವು ದುಡ್ಡು ಕೊಟ್ಟಿದ್ದೇವೆ. ನಿಜ. ಸಾಲ ಮಾಡಿ, ಪಿ.ಎಫ್. ತೆಗೆದು, ಹೆಂಡತಿಯ ಬಳೆ ಒತ್ತೆಯಿಟ್ಟು ಮನೆ ಕೊಂಡವರು ನಾವು, ಯಾರದನ್ನೂ ಕಸಿದವರಲ್ಲ. ಕಾನೂನಿನ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು. ಆದರೆ ಬೆಲೆಯೆಂಬುದು ಕೊಂಡದ್ದಕ್ಕೆ ಕೊಡುವಂಥದು. ನಮ್ಮ ಮಾವನವರಿಗೂ ಪರಿಹಾರ ಬಂದಿತ್ತು. ತೆಂಗಿನ ಮರಕ್ಕೆ ಇಷ್ಟು, ಬಾವಿಗೆ ಇಷ್ಟು, ಮನೆಯ ಗೋಡೆಗೆ ಇಷ್ಟು ಎಂದು ಲೆಕ್ಕವಾಗಿತ್ತು. ರಾತ್ರಿ ಮಲಗಿದಾಗ ಕೇಳುತ್ತಿದ್ದ ತೆರೆಯ ಸದ್ದಿಗೆ ಆ ಪಟ್ಟಿಯಲ್ಲಿ ಕಾಲಮು ಇರಲಿಲ್ಲ. ಅಧಿಕಾರಿಗಳನ್ನು ದೂಷಿಸಿ ಫಲವಿಲ್ಲ. ಅಂಥ ಕಾಲಮು ಹಾಕುವುದು ಯಾರಿಗೂ ಸಾಧ್ಯವಿಲ್ಲ. ಯಾವುದಕ್ಕೆ ಬೆಲೆ ಕಟ್ಟಲಾಗಲಿಲ್ಲವೋ ಅದು ಕೊಟ್ಟವನ ಲೆಕ್ಕದಲ್ಲಿ ಬಾಕಿಯಾಗಿಯೇ ಉಳಿಯುತ್ತದೆ. ಕೊಂಡವನ ಪುಸ್ತಕದಲ್ಲಿ ಮಾತ್ರ ಸೊನ್ನೆ.

ಹಾಗಾದರೆ ಸುಖವನ್ನೇ ಬಿಟ್ಟುಬಿಡಬೇಕೇ? ವೈರಾಗ್ಯದ ಮಾತು ನಮ್ಮ ಜನಕ್ಕೆ ಹಿತವಾಗಿ ಕೇಳಿಸುತ್ತದೆ, ಆಚರಿಸುವುದು ಬೇರೆಯವರಾದರೆ. ಈ ಸಂದರ್ಭದಲ್ಲಿ ನೆನಪಾಗುವುದು ಕಾರವಾರದ್ದೇ ಒಂದು ಸಂಗತಿ. 1883ರಲ್ಲಿ, ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ತಮ್ಮ, ಇಪ್ಪತ್ತೆರಡರ ತರುಣ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಆ ಕಡಲ ದಂಡೆಯಲ್ಲಿ 'ಪ್ರಕೃತಿಯ ಪ್ರತಿಶೋಧ' ಎಂಬ ನಾಟಕ ಬರೆದರು. ಲೋಕದ ಬಂಧನವನ್ನೆಲ್ಲ ಕಡಿದುಕೊಂಡೆನೆಂದು ಬೀಗಿದ ಒಬ್ಬ ಸನ್ಯಾಸಿ, ಅನಾಥೆಯಾದ ಒಬ್ಬ ಚಿಕ್ಕ ಹುಡುಗಿಯ ಮಮತೆ ಅವನನ್ನು ಎಳೆಯುತ್ತದೆ, ಹೆದರಿ ಓಡುತ್ತಾನೆ, ಮನಸ್ಸು ತಿರುಗಿ ಮರಳುವಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ. ನನ್ನ ಪ್ರಶ್ನೆಗೆ ಅದು ನೇರ ಉತ್ತರವಲ್ಲದಿರಬಹುದು. ಆದರೆ ಒಂದು ಮಾತು ಅದರಿಂದ ತಿಳಿಯುತ್ತದೆ. ನಾನು ಪಾಂಗಾರವನ್ನು ನೋಡದೆ ಮುಖ ತಿರುಗಿಸಿದರೆ ಶೇವಾದ ಒಬ್ಬ ಕೋಳಿಗನಿಗಾದರೂ ಅವನ ಊರು ಮರಳಿ ಬರುವುದಿಲ್ಲ. ನಾನು ಬಲು ದೊಡ್ಡವನೆಂಬ ಭ್ರಮೆ ನನಗೆ ಬರುತ್ತದೆ, ಅಷ್ಟೇ ಲಾಭ. ಯಾರಿಗೂ ಉಪಯೋಗವಿಲ್ಲದ ತ್ಯಾಗ ತನ್ನ ಮೈಯನ್ನು ತಾನೇ ತಟ್ಟಿಕೊಳ್ಳುವ ಒಂದು ಬಗೆ.

ಗಿಡಗಳನ್ನು ನೋಡಿ ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ. ನಮ್ಮ ಬೀದಿಗಳ ಗುಲಮೊಹರ ಮಡಗಾಸ್ಕರದ್ದು. ವಿಕ್ರೋಳಿಯ ಹೆದ್ದಾರಿಯ ಪಕ್ಕ ಮಾರ್ಚಿ ತಿಂಗಳಲ್ಲಿ ಗುಲಾಬಿಯಾಗಿ ನಿಲ್ಲುವ, ಜನ ಬಸಂತರಾಣಿ ಎನ್ನುವ ಮರ ಅಮೆರಿಕ ಖಂಡದ ನಡುಭಾಗದ್ದು. ಅವುಗಳನ್ನು ಯಾರೂ ನೀವು ಎಲ್ಲಿಯವರು ಎಂದು ಕೇಳುವುದಿಲ್ಲ, ನಮ್ಮನ್ನೇಕೆ ಕೇಳಬೇಕು ಎನ್ನುತ್ತಾರೆ. ಮಾತು ಚೆನ್ನಾಗಿದೆ, ಸಂಘದ ವಾರ್ಷಿಕೋತ್ಸವದ ಭಾಷಣಗಳಲ್ಲಿ ನಾನೇ ಆಡಿದ್ದೇನೆ. ಆದರೆ ಮರ ಎಂದೂ ತನಗೆ ಜಾಗ ಬೇಕೆಂದು ಇನ್ನೊಂದು ಮರದ ವಿರುದ್ಧ ಅರ್ಜಿ ಬರೆಯಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಉರಣದಲ್ಲಿ ಇಳಿದು ರಿಕ್ಷಾ ಮಾಡಿ ಪೀರವಾಡಿಯ ದಂಡೆಗೆ ಹೋದೆವು. ಗಾಳಿಮರಗಳ ನೆರಳು, ದರ್ಗಾ, ಅದರಾಚೆ ಕಡಲು. ಬಿಸಿಲು ಇನ್ನೂ ಏರಿರಲಿಲ್ಲ. ನಮ್ಮವಳು ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟು, ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ಮೊಣಕಾಲಿನ ನೋವನ್ನು ಯಾರಿಗೋ ಸಾಲ ಕೊಟ್ಟವಳ ಹಾಗೆ ನೇರ ನೀರಿನತ್ತ ನಡೆದಳು. ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ನಿಂತು, ಬಾಗಿ, ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಚ್ಚಿ ನೋಡಿದಳು. "ಉಪ್ಪು ಅದೇ" ಎಂದಳು. ಅರ್ಧ ಗಂಟೆ ಹಾಗೆಯೇ ನಿಂತಿದ್ದಳು. ನಾನು ಎರಡು ಜೊತೆ ಚಪ್ಪಲಿ ಹಿಡಿದುಕೊಂಡು ದಂಡೆಯ ಮೇಲೆ ತತ್ತ್ವವಿಚಾರ ಮಾಡುತ್ತಿದ್ದೆ.

ಬುತ್ತಿ ಬಿಚ್ಚಿದಾಗ ಕೇಳಿಯೇಬಿಟ್ಟೆ. "ನಿನಗೆ ಇಲ್ಲಿ ಬಂದರೆ ಬೇಜಾರಾಗುವುದಿಲ್ಲವೇ? ಇವರ ಊರುಗಳೂ ನಿಮ್ಮೂರಿನ ಹಾಗೆ ಹೋದವು. ನಾವು ಬಂದು ಹೂ ನೋಡಿ ಸಂತೋಷಪಡುತ್ತೇವೆ."

ಆಕೆ ಚಪಾತಿ ಮುರಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅರ್ಗಾದಲ್ಲಿ ಈಗ ನೌಕಾಪಡೆಯವರ ಹೆಂಡಂದಿರು ಮಕ್ಕಳು ಸಂಜೆಗೆ ಕಡಲು ನೋಡ್ತಾ ನಿಲ್ತಾರೋ ಏನೋ. ನಿಂತರೆ ಸಂತೋಷಪಡಲಿ. ಕಡಲು ಇರೋದೇ ಅದಕ್ಕೆ. ನನಗೇನೂ ಸಿಟ್ಟಿಲ್ಲ. ಆದರೆ ಇಲ್ಲಿ ಒಂದು ಊರಿತ್ತು, ಇಂಥ ಹೆಸರಿತ್ತು ಅಂತ ಅವರಿಗೆ ಗೊತ್ತಿರಬೇಕು. ಗೊತ್ತಿದ್ದು ನೋಡಲಿ. ಮೊದಲಿಂದ ಏನೂ ಇರಲೇ ಇಲ್ಲ ಅನ್ನೋ ಹಾಗೆ ನೋಡಬಾರದು."

ನಿವೃತ್ತನಾದ ಮೇಲೆ ವಾದ ಮಾಡುವ ಚಟ ನನಗೆ ಹೆಚ್ಚಾಗಿದೆ. "ಗೊತ್ತಾದರೆ ಏನಾಯಿತು? ನಿಮ್ಮ ತೋಟ ಮರಳಿ ಬರುತ್ತದೆಯೇ? ತಿಳಿದುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ಖರ್ಚಿಲ್ಲದ ಪುಣ್ಯ ಎಂಥ ಪುಣ್ಯ?"

"ತೋಟ ಬರೋದಿಲ್ಲ. ಆದರೆ ಗೊತ್ತಿಲ್ಲದವನು ಮುಂದಿನದನ್ನೂ ಹಾಗೇ ತಕ್ಕೊಳ್ತಾನೆ ರೀ. ತಕ್ಕೊಂಡದ್ದೂ ಅವನಿಗೆ ಗೊತ್ತಾಗೋದಿಲ್ಲ."

ನಾನು ಉತ್ತರ ಕೊಡಲಿಲ್ಲ. ದಂಡೆಯ ಒಂದು ಕಡೆಗೆ ಬಿದಿರುಗಳವನ್ನು ನೆಟ್ಟು, ಅಡ್ಡ ಹಗ್ಗ ಕಟ್ಟಿ, ಯಾರೋ ಬೋಂಬಿಲ ಒಣಗಲು ಹಾಕಿದ್ದರು. ಜೋಡಿ ಜೋಡಿಯಾಗಿ ಬಾಯಿಗೆ ಬಾಯಿ ಸಿಕ್ಕಿಸಿದ ಬಿಳಿಯ ಮೀನು, ಗಾಳಿಗೆ ತೂಗುತ್ತಿತ್ತು. ವಾಸನೆ ನಮ್ಮವರೆಗೂ ಬರುತ್ತಿತ್ತು. ನಮ್ಮವಳು ಅತ್ತ ನೋಡಿ ಉಸಿರೆಳೆದುಕೊಂಡು, "ನಮ್ಮ ಅಂಗಳದ ವಾಸನೆ" ಎಂದಳು.

ಎಂಟು ವರ್ಷಗಳ ಹಿಂದೆ ನಮ್ಮ ಸೊಸೈಟಿಯ ಗೋಡೆಯಾಚೆ, ಹಳೆಯ ಊರಿನ ಬಯಲಿನಲ್ಲಿ ಇಂಥವೇ ಗಳಗಳಿದ್ದವು. ನಾನಾಗ ಸೊಸೈಟಿಯ ಖಜಾಂಚಿ. ಒಣಮೀನಿನ ದುರ್ವಾಸನೆಯಿಂದ ನಿವಾಸಿಗಳ ಆರೋಗ್ಯಕ್ಕೆ ಹಾನಿ, ನೊಣಗಳ ಕಾಟ, ಫ್ಲ್ಯಾಟುಗಳ ಬೆಲೆ ಕುಸಿತ ಎಂದು ಒಂದು ಅರ್ಜಿ ತಯಾರಾಯಿತು. ಕರಡನ್ನು ತಿದ್ದಿಕೊಟ್ಟವನು ನಾನು; 'ಅನಧಿಕೃತ' ಎಂಬ ಪದವನ್ನು ಸೇರಿಸಿದವನೂ ನಾನೇ. ಮೂರನೆಯ ಸಹಿ ನನ್ನದು. ತಿಂಗಳೊಳಗೆ ಯಾರೋ ಬಂದು ಗಳಗಳನ್ನು ಕಿತ್ತು ಗಾಡಿಗೆ ಹಾಕಿಕೊಂಡು ಹೋದರು. ಸಭೆಯಲ್ಲಿ ಅಭಿನಂದನೆಯ ಠರಾವು ಆಯಿತು. ಆ ಬಯಲು ಅವರಿಗೆ ಅಜ್ಜ ಮುತ್ತ್ಯಾರ ಕಾಲದ್ದು, ನಮ್ಮ ಕಟ್ಟಡಕ್ಕಿಂತ ಹಳೆಯದು ಎಂಬುದು ನನಗೆ ಆಗ ಹೊಳೆಯಲಿಲ್ಲ. ಮನೆಯಲ್ಲಿ ಹೇಳಿರಲಿಲ್ಲ. ಏಕೆ ಹೇಳಲಿಲ್ಲ ಎಂದು ಯೋಚಿಸಿದರೆ, ಸ್ವಲ್ಪ ಹೊಳೆದಿತ್ತೆಂದೇ ತೋರುತ್ತದೆ.

ಅಂದು ಆ ದಂಡೆಯಲ್ಲಿ ಹೇಳಿದೆ. ನಮ್ಮವಳು ಸಿಟ್ಟಾಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು. ಬಹಳ ಹೊತ್ತಿನ ಮೇಲೆ, "ಅದಕ್ಕೇ ಆ ವರ್ಷದಿಂದ ಅವಳು ಒಣಬೋಂಬಿಲ ತರೋದು ಬಿಟ್ಟಳು" ಎಂದಳು.

ಅವಳು ಎಂದರೆ ನಮ್ಮ ಮೀನಿನ ಬಾಯಿ. ಹಳೆಯ ಊರಿನವಳು, ಇಪ್ಪತ್ತು ವರ್ಷಗಳಿಂದ ವಾರಕ್ಕೆರಡು ಸಲ ಬುಟ್ಟಿ ಹೊತ್ತು ಬರುತ್ತಾಳೆ. ಇವಳ ಕಾರವಾರದ ಕೊಂಕಣಿಗೂ ಅವಳ ಆಗರಿ ಮಾತಿಗೂ ಹೇಗೋ ಹೊಂದಿಕೊಂಡು, ಇಬ್ಬರೂ ಬಾಗಿಲಲ್ಲಿ ಕುಳಿತರೆ ಗಂಟೆ ಹೋದದ್ದು ತಿಳಿಯುವುದಿಲ್ಲ.

ಹಿಂದಿರುಗುವಾಗ ಮಾತು ಕಡಿಮೆ. ಸಂಜೆಯ ಬಿಸಿಲಿನಲ್ಲಿ ಪಾಂಗಾರ ಬೆಳಗಿನದಕ್ಕಿಂತ ಕೆಂಪಾಗಿತ್ತು. ಆಕೆ ನೋಡಿದಳು, ನಾನೂ ನೋಡಿದೆ. ಪ್ರಾಯಶ್ಚಿತ್ತವೆಂದು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ನಾನು ಕೇಳಿಕೊಂಡ ಪ್ರಶ್ನೆ ತಪ್ಪಾಗಿತ್ತೆಂದು ನ್ಹಾವಾ ಶೇವಾದ ಫಲಕ ಮತ್ತೆ ಕಂಡಾಗ ಅನಿಸಿತು. ನೋಡುವ ಹಕ್ಕಿದೆಯೇ ಎಂದು ಕೇಳುತ್ತಿದ್ದೆ; ನೋಡುವುದರಿಂದ ಯಾರಿಗೂ ಏನೂ ನಷ್ಟವಿಲ್ಲ. ನಷ್ಟವಾದದ್ದು ನಾನು ನೋಡದೆ ಇದ್ದುದರಿಂದ. 1984ರ ಆ ಪತ್ರಿಕೆಯ ಪುಟವನ್ನು ಓದಿಯೂ ನೋಡಿರಲಿಲ್ಲ. ಗೋಡೆಯಾಚೆಯ ಗಳಗಳಲ್ಲಿ ವಾಸನೆಯನ್ನು ಕಂಡೆ, ನನ್ನ ಹೆಂಡತಿಯ ಅಂಗಳವನ್ನು ಕಾಣಲಿಲ್ಲ. ಸಿಡ್ಕೋ ಭೂಮಿ ತೆಗೆದುಕೊಂಡದ್ದು ನಾನು ಬರುವುದಕ್ಕೆ ಮುಂಚೆ. ಅದು ನನ್ನ ಲೆಕ್ಕವಲ್ಲವೆಂದು ವಾದಿಸಬಹುದು. ಅರ್ಜಿಯ ಮೂರನೆಯ ಸಹಿ ನನ್ನದೇ.

ಮುಂದಿನ ಮಂಗಳವಾರ ಮೀನಿನ ಬಾಯಿ ಬಂದಳು. ನಮ್ಮವಳು ಬಾಂಗಡೆ ಆರಿಸುತ್ತ, ನಮ್ಮ ಕಟ್ಟಡ ನಿಂತಿರುವ ಜಾಗದಲ್ಲಿ ಮುಂಚೆ ಏನಿತ್ತು ಎಂದು ಕೇಳಿದಳು. ಗದ್ದೆ, ಎಂದಳು ಆಕೆ. ತನ್ನ ಮಾವನ ಪಾಲಿನದು ಮೂಲೆಯ ಕಡೆಗೆ, ಈಗ ನೀರಿನ ಟಾಕಿ ಇರುವಲ್ಲಿ. ಗದ್ದೆಗೆ ಹೆಸರಿತ್ತೇ? ಇಲ್ಲದೆ? ಹೆಸರು ಹೇಳಿದಳು. ಅದನ್ನು ಇಲ್ಲಿ ಅಚ್ಚು ಮಾಡಿಸಲು ನಾನು ಆಕೆಯ ಅನುಮತಿ ಕೇಳಿಲ್ಲ. ನಮ್ಮವಳು ಅದನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ.

ನಾನು ಒಳಗಿನಿಂದ ಬಂದು, ಆ ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ ಎಂದೆ. ನನ್ನ ಮರಾಠಿ ಅಂಥ ಸಂದರ್ಭಗಳಿಗೆ ಸಾಲುವುದಿಲ್ಲ, ಆದರೂ ಹೇಳಿದೆ. ಆಕೆ ತಲೆಯೆತ್ತಲಿಲ್ಲ. "ಗೊತ್ತಿದೆ ಕಾಕಾ. ಕಾಗದದ ನಕಲು ನಮ್ಮ ಊರಿಗೂ ಬಂದಿತ್ತು. ಮಗ ಎಲ್ಲರ ಹೆಸರೂ ಓದಿ ಹೇಳಿದ" ಎಂದು, ಬಾಂಗಡೆಯ ತಲೆ ಕತ್ತರಿಸುವುದನ್ನು ಮುಂದುವರಿಸಿದಳು. ಎಂಟು ವರ್ಷ. ವಾರಕ್ಕೆರಡು ಸಲ.

ಬೆಲೆಯ ಚೌಕಾಸಿ ಎಂದಿನಂತೆಯೇ ನಡೆಯಿತು. ನಮ್ಮವಳು ಹತ್ತು ರೂಪಾಯಿ ಇಳಿಸಿದಳು, ಆಕೆ ಐದಕ್ಕೆ ನಿಂತಳು. ಹೋಗುವಾಗ ಬುಟ್ಟಿ ಎತ್ತಲು ಕೈ ಕೊಡಿ ಎಂದಳು. ಕೊಟ್ಟೆ.

ಸೊಸೈಟಿಯ ಸಾಮಾನ್ಯ ಸಭೆ ಈ ತಿಂಗಳ ಕೊನೆಯ ಭಾನುವಾರವಿದೆ. ಬಯಲಿನಲ್ಲಿ ಮೀನು ಒಣಗಿಸುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲವೆಂದು ಬರೆದು ಕೊಡುವ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಚೀಟಿ ಕೊಟ್ಟಿದ್ದೇನೆ. ಅವರು ಅದನ್ನು ಎರಡು ಸಲ ಓದಿ, ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಇನ್ನೂ ಉತ್ತರ ಬಂದಿಲ್ಲ.